ದಾನದ ಕಸ

ನಮ್ಮೂರಿನವರಿಗೆ ಬುದ್ಧಿ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬುದ್ಧಿ ಇದೆ, ಬೇಕಾದ್ದಕ್ಕಿಂತ ಒಂದು ಸೇರು ಜಾಸ್ತಿಯೇ ಇದೆ. ಇಲ್ಲದ್ದು ನಾಚಿಕೆ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಪುರಸಭೆಯಲ್ಲಿ ಬೆಂಕಿ ಚೀಟಿ ಬರೆಯುವವಳು ನಾನು, ಅಂಬುಜಾಕ್ಷಿ. ಬಯಲಲ್ಲಿ ಏನು ಸುಡಬೇಕಾದರೂ, ಒಂದು ಹಿಡಿ ತರಗೆಲೆಯಾದರೂ ಸರಿ, ಜನ ನನ್ನ ಮೇಜಿನ ಮುಂದೆ ಬಂದು ನಿಲ್ಲಬೇಕು. ಹಾಗಾಗಿ ಯಾರ ಮನೆಯಿಂದ ಏನು ಕಸ ಹೊರಗೆ ಬರುತ್ತೆ, ಯಾರ ಬಾಯಿಂದ ಏನು ಕಸ ಹೊರಗೆ ಬರುತ್ತೆ, ಎರಡೂ ನನಗೆ ಚೆನ್ನಾಗಿ ಗೊತ್ತು.

ನಮ್ಮೂರಲ್ಲಿ ಬಯಲಿನ ಬೆಂಕಿಯ ಹೊಗೆ ಆಕಾಶಕ್ಕೆ ಹೋಗುವುದಿಲ್ಲ. ಸುಟ್ಟ ವಸ್ತು ಯಾರದ್ದೋ ಅವರ ಮನೆಗೆ ಹೋಗುತ್ತೆ. ಮೊಣಕಾಲೆತ್ತರದಲ್ಲಿ ಬೀದಿ ಹಿಡಿದು, ತಿರುವು ಬಂದಲ್ಲಿ ತಿರುಗಿ, ಎದುರು ಗಾಳಿ ಬೀಸಿದರೂ ಕ್ಯಾರೇ ಅನ್ನದೆ ನಡೆದು ಹೋಗಿ, ಹೊಸ್ತಿಲು ದಾಟಿ, ನಡುಮನೆಯಲ್ಲಿ ಅರ್ಧ ಗಂಟೆ ಕೂತು, ಆಮೇಲೆ ಹಿತ್ತಿಲ ಬಾಗಿಲಿಂದ ಹೊರಟುಹೋಗುತ್ತೆ. ಮನೆಗೆ ಬೀಗ ಹಾಕಿದ್ದರೆ ಜಗಲಿ ಮೇಲೆ ಕಾಯುತ್ತೆ. ನಮ್ಮಜ್ಜಿ ಕಾಲದಿಂದಲೂ ಹೀಗೇ. ಬೇಲಿಯಾಚೆ ಬಿದ್ದ ಮಾವಿನೆಲೆ ನಿಂದೋ ನಂದೋ ಅಂತ ನಮ್ಮೂರಲ್ಲಿ ಯಾರೂ ಕೋರ್ಟಿಗೆ ಹೋದದ್ದಿಲ್ಲ. ಸುಟ್ಟು ನೋಡಿದರೆ ಮುಗಿಯಿತು.

ಇದಕ್ಕೆ ನಿಯಮ ಎರಡು ಥರ. ಒಂದು ರಾಜ್ಯದ ನಿಯಮ, ಇನ್ನೊಂದು ಊರಿನ ನಿಯಮ. ರಾಜ್ಯದ ನಿಯಮ ಬರೆದವರು ಹೊಗೆ ಮೇಲಕ್ಕೆ ಹೋಗುವ ಊರಿನವರು, ನಮ್ಮೂರನ್ನ ಕಣ್ಣಲ್ಲಿ ನೋಡಿದವರಲ್ಲ. ಬೆಳಗ್ಗೆ ಏಳರಿಂದ ಹತ್ತರೊಳಗೆ ಸುಡಬೇಕು, ಮನೆಯಿಂದ ಐವತ್ತು ಅಡಿ ದೂರ ಇರಬೇಕು, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲಿರಬೇಕು, ಪ್ಲಾಸ್ಟಿಕ್ಕು ಟೈರು ಹಾಕಕೂಡದು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಅಂತ ಚೀಟಿಯಲ್ಲಿ ನಮೂದಿಸಬೇಕು. ಇಪ್ಪತ್ತೆರಡು ವರ್ಷದಿಂದ ನಾನು 'ಪಡುವಣ' ಅಂತಲೇ ಬರೆಯುತ್ತಿದ್ದೇನೆ, ಒಬ್ಬ ಮಹಾರಾಯನೂ ಕೇಳಿಲ್ಲ. ಊರಿನ ನಿಯಮ ಚಿಕ್ಕದು. ಹೊಗೆ ಬಂದರೆ ಬಾಗಿಲು ತೆರೆಯಬೇಕು. ಮೊರದಲ್ಲಿ ಬೀಸಿ ಪಕ್ಕದ ಮನೆಗೆ ಅಟ್ಟಕೂಡದು. ಚೀಟಿ ಕೊಟ್ಟ ಮೇಲೆ ಹೊಗೆಯ ಹಿಂದೆ ನಡೆದು ಹೋಗುವುದೂ ನನ್ನ ಕೆಲಸವೇ. ಅದು ಯಾರ ಮನೆ ಸೇರಿತು ಅಂತ ಪುಸ್ತಕದಲ್ಲಿ ಬರೆದು, ಚೀಟಿಯ ಮೇಲೆ 'ನೋಡಿದೆ, ಸರಿ ಇದೆ' ಅಂತ ಗೀಚಿ ರುಜು ಹಾಕುತ್ತೇನೆ.

ಹೊಗೆ ಸುತ್ತಿ ಬಳಸಿ ತಮ್ಮ ಮೂಗಿಗೇ ಬರುತ್ತೆ ಅಂತ ಗೊತ್ತಿದ್ದಾಗ ನಮ್ಮ ಜನ ಎಷ್ಟು ಸಭ್ಯರಾಗಿದ್ದರು ಅಂತೀರಿ! ಎಲೆ ಉದುರಿದರೆ ಗುಂಡಿ ತೋಡಿ ಗೊಬ್ಬರ ಮಾಡುತ್ತಿದ್ದರು. ಹಳೇ ಬಟ್ಟೆ ಕೌದಿಗೆ ಹೋಗುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಸಲ, ಬೇರೆ ದಾರಿಯೇ ಇಲ್ಲದಾಗ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಸುಡುತ್ತಿದ್ದರು. ಇದು ಒಳ್ಳೆಯತನ ಅಂತ ನಾನೂ ಬಹಳ ದಿನ ನಂಬಿದ್ದೆ. ಬರೀ ಕಣ್ಣುರಿಯ ಭಯ ಅದು, ಇನ್ನೇನೂ ಅಲ್ಲ.

ಕೆಡಿಸಿದವರು ಪರಮಶಿವಯ್ಯ. ಕ್ರಯಪತ್ರ, ದಾನಪತ್ರ ಬರೆಯುವ ಮನುಷ್ಯ, ಬಾಯಿ ತೆರೆದರೆ 'ತತ್ಸಂಬಂಧವಾಗಿ' ಅನ್ನದೆ ಮಾತು ಮುಗಿಸದವರು. ಹೋದ ಕಾರ್ತೀಕದಲ್ಲಿ ಮಗಳ ಮದುವೆ ಮಾಡಿದರು. ಮನೆಗೆಲ್ಲಾ ಹಾಲುಬಿಳುಪಿನ ಬಣ್ಣ ಹೊಡೆಸಿದ್ದರು. ಮದುವೆ ಮುಗಿದ ಮೇಲೆ ಹಿತ್ತಿಲಲ್ಲಿ ಚಪ್ಪರದ ತೆಂಗಿನ ಗರಿ, ಬಾಡಿದ ಬಾಳೆಕಂದು, ಉಂಡ ಮುತ್ತುಗದೆಲೆ ಆಳೆತ್ತರ ಬಿದ್ದಿತ್ತು. ಗೊಬ್ಬರದ ಗುಂಡಿ ತೋಡಿಸಲು ಸೋಮಾರಿತನ, ಸುಡಲು ಗೋಡೆಯ ಚಿಂತೆ. ಮೊದಲು ಒಂದು ಹೊರೆ ಗರಿಯನ್ನ ಭಾವಮೈದುನನಿಗೆ ಮಾರಿದಂತೆ ಛಾಪಾ ಕಾಗದದಲ್ಲಿ ಬರೆದು ಸುಟ್ಟು ನೋಡಿದರು. ಹೊಗೆಗೆ ಓದು ಬರಹ ಬರುತ್ತಾ? ಸೀದಾ ಅವರ ನಡುಮನೆಗೇ ಬಂತು. ಆಗ ಅವರಿಗೆ ದಾನಕ್ಕೆ ಎರೆಯುವ ಧಾರೆಯ ನೆನಪಾಗಿದೆ. ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವ ಜಾತಿ ಅದು.

ಊರ ಕೊನೆಯಲ್ಲಿ, ಹಳೇ ಸುಂಕದ ಕಟ್ಟೆಯ ಪಕ್ಕ, ಸಂಡಿಗೆ ತಿರುಮಲಮ್ಮನ ಮನೆ. ಒಂಟಿ ಹೆಂಗಸು, ಐವತ್ತು ದಾಟಿದೆ. ರಥಸಪ್ತಮಿ ಕಳೆದು ಬಿಸಿಲು ಬಲಿತ ಮೇಲೆ ಮೂರು ತಿಂಗಳು ಅಂಗಳದಲ್ಲಿ ಮಂಚ ಹಾಕಿ, ಬಿಳಿ ಪಂಚೆ ಹಾಸಿ, ಸಂಡಿಗೆ ಒತ್ತಿ ಒಣಗಿಸುತ್ತಾಳೆ. ಅಕ್ಕಿಯದ್ದು, ಅರಳಿಂದು, ಬೂದುಗುಂಬಳದ್ದು. ಆ ಮೂರು ತಿಂಗಳ ಬಿಸಿಲೇ ಅವಳ ವರ್ಷದ ಅನ್ನ. ಊರಿನ ಯಾವ ಮನೆಯ ಎಣ್ಣೆ ಬಾಣಲೆಯಲ್ಲೂ ಅವಳ ಸಂಡಿಗೆ ಅರಳದೆ ಹಬ್ಬ ಆದದ್ದಿಲ್ಲ.

ಪರಮಶಿವಯ್ಯ ಒಂದು ಬೆಳಗ್ಗೆ ಅವಳ ಹೊಸ್ತಿಲಿಗೆ ಹೋದರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಚೆಂಬಲ್ಲಿ ನೀರು. "ತಿರುಮಲಮ್ಮ, ಮಗಳ ಮದುವೆ ಆಯ್ತು. ಒಂದು ದಾನ ಕೊಡಬೇಕು ಅಂತ ಮನಸ್ಸು. ಚಪ್ಪರದ ಗರಿ, ಎಲೆ, ಕಂದು ಎಲ್ಲಾ ನಿನಗೆ" ಅಂದು ಅವಳ ಅಂಗೈ ಮೇಲೆ ನೀರು ಬಿಟ್ಟರು. ಪಾಪ, ಅವಳಿಗೆ ಖುಷಿಯೋ ಖುಷಿ. ಇಷ್ಟೊಂದು ಗರಿ, ನೀರೊಲೆಗೆ ಎರಡು ತಿಂಗಳು ಬರುತ್ತೆ ಅಂತ ಲೆಕ್ಕ ಹಾಕಿ, ಹಗ್ಗ ಹುಡುಕಿಕೊಂಡು ಅವರ ಹಿತ್ತಿಲಿಗೆ ಹೊರಟಳು. ಅರ್ಧ ದಾರಿಯಲ್ಲಿ ಅವಳ ಗರಿ ಹೊಗೆಯಾಗಿ ಎದುರಿಗೆ ಬಂತು.

"ಕೊಟ್ಟಿದ್ದನ್ನ ಸುಟ್ಟುಬಿಟ್ಟಿರಲ್ಲ ಸ್ವಾಮಿ?" ಅಂತ ಕೇಳಿದಳಂತೆ.

"ಹೊರೋ ಕಷ್ಟ ತಪ್ಪಿಸಿದೆ ಕಣಮ್ಮ. ಹೊತ್ತುಕೊಂಡು ಹೋಗೋಕೆ ನಿನಗೆ ವಯಸ್ಸಿದೆಯಾ?" ಅಂದರಂತೆ ಪರಮಶಿವಯ್ಯ. ಇದನ್ನ ಆಮೇಲೆ ಅವರೇ ನನ್ನ ಮೇಜಿನ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು, ಹಲ್ಲು ಗಿಂಜಿಕೊಂಡು ಹೇಳಿದರು. ನಾನೂ ನಕ್ಕೆ. ನಕ್ಕೆ ಅಂತಲೇ ಹೇಳುತ್ತಿದ್ದೇನೆ, ಮುಚ್ಚಿಟ್ಟು ಏನಾಗಬೇಕು?

ಒಂದು ವಾರದಲ್ಲಿ ಊರಿಗೆ ಊರೇ ದಾನಶೂರ ಆಯಿತು. ಜನ್ಮದಲ್ಲಿ ಭಿಕ್ಷುಕನಿಗೆ ಮುಷ್ಟಿ ಅಕ್ಕಿ ಹಾಕದವರೆಲ್ಲ ಬೆಳಗಾಗೆದ್ದು ಮಡಿಯುಟ್ಟು ತಿರುಮಲಮ್ಮನ ಬಾಗಿಲಲ್ಲಿ ಸಾಲು ನಿಂತರು. ಬೆಳಗ್ಗೆ ಹೊಸ್ತಿಲಿಗೆ ಬಂದ ಎಲೆ ಅಡಿಕೆ ಬೇಡ ಅನ್ನುವುದು ನಮ್ಮಲ್ಲಿಲ್ಲ. ಅಂದರೆ ಕೊಟ್ಟವರ ಮನೆಗೆ ಕೇಡು ಬಯಸಿದ ಹಾಗೆ. ಅದೂ ಅಲ್ಲದೆ ಬಂದವರೆಲ್ಲ ಅವಳ ಸಂಡಿಗೆ ಕೊಳ್ಳುವವರು. ಅವಳು ಅಂಗೈ ಚಾಚುತ್ತಲೇ ಹೋದಳು. ಮೊದಲ ವಾರ ತಟ್ಟೆಯಲ್ಲಿ ತೆಂಗಿನಕಾಯಿ ಇತ್ತು. ಎರಡನೇ ವಾರ ಅರ್ಧ ಹೋಳು. ಆಮೇಲೆ ಬರೀ ಎಲೆ ಅಡಿಕೆ. ಆಮೇಲೆ ಅಡಿಕೆಯೂ ಹೋಗಿ ಬಾಡಿದ ಒಂದು ವೀಳ್ಯದೆಲೆ, ಎರಡು ತೊಟ್ಟು ನೀರು. ಕಸದ ದಾನಕ್ಕೂ ಜಿಪುಣತನ ಮಾಡಿದ ಊರು ಇನ್ನೊಂದಿದ್ದರೆ ನನಗೆ ತೋರಿಸಿ.

ಅದರ ಮೇಲೆ ಪುರಸಭೆಯ ಸದಸ್ಯರೆಲ್ಲ ಸೇರಿ ಒಂದು ಉಪನಿಯಮ ಮಾಡಿದರು. ಬೇರೆ ಯಾವ ವಿಷಯಕ್ಕೂ ಒಮ್ಮತವಾಗದ ಸಭೆ ಇದಕ್ಕೆ ಮಾತ್ರ ಒಕ್ಕೊರಲಿಂದ ಕೈ ಎತ್ತಿತು. ದಾನ ಕೊಟ್ಟವರು ಒಂದು ದಾನಚೀಟಿ ಬರೆದು ಕಚೇರಿಗೆ ಒಪ್ಪಿಸಬೇಕು, ಬೆಂಕಿ ಚೀಟಿ ಬರೆಯುವವರು ಅದಕ್ಕೆ ರುಜು ಹಾಕಬೇಕು, ಆಮೇಲೆ ಸುಡಬಹುದು. ಚೀಟಿಯ ಒಕ್ಕಣೆ ಪರಮಶಿವಯ್ಯನವರದ್ದು, ರುಜು ನನ್ನದು. ದಿನಕ್ಕೆ ಇಪ್ಪತ್ತು, ಮೂವತ್ತು. ನೋಡಿದೆ, ಸರಿ ಇದೆ. ನೋಡಿದೆ, ಸರಿ ಇದೆ. ಗೊಬ್ಬರದ ಗುಂಡಿಗಳನ್ನ ಮುಚ್ಚಿ ಅದರ ಮೇಲೆ ತುಳಸಿಕಟ್ಟೆ ಕಟ್ಟಿದರು ಜನ. ಈಗ ಎಲೆ ಮಾತ್ರ ಅಲ್ಲ, ಹರಿದ ಹಾಸಿಗೆ, ಮುರಿದ ಬುಟ್ಟಿ, ಹಳೇ ಚಾಪೆ, ಸಿಕ್ಕಿದ್ದೆಲ್ಲ ಸುಟ್ಟರು. ಬೆಳಗ್ಗೆ ಏಳಕ್ಕೆ ಸರಿಯಾಗಿ ನಾಲ್ಕು ಬೀದಿಯಿಂದ ಹೊಗೆ ಹೊರಟು, ಸುಂಕದ ಕಟ್ಟೆಯ ಹತ್ತಿರ ಒಂದಕ್ಕೊಂದು ಸೇರಿ, ತಿರುಮಲಮ್ಮನ ಬಾಗಿಲಿಗೆ ಹೋಗುತ್ತಿತ್ತು. ಅದರ ಹಿಂದೆ ಪುಸ್ತಕ ಹಿಡಿದುಕೊಂಡು ನಾನು.

ನನ್ನ ಹಿತ್ತಿಲಲ್ಲೂ ಒಂದು ಹಲಸಿನ ಮರ ಇದೆ. ಎಲೆ ವಿಪರೀತ. ನಾನೂ ಒಂದು ದಿನ ವೀಳ್ಯದೆಲೆ ತೆಗೆದುಕೊಂಡು ಹೋದೆ. ಎಲೆ ತಾಜಾ ಇತ್ತು, ಅಡಿಕೆಯೂ ಇಟ್ಟಿದ್ದೆ, ಅದಕ್ಕೇ ನನಗೆ ದೊಡ್ಡ ಹೆಮ್ಮೆ.

ರಥಸಪ್ತಮಿ ಕಳೆಯಿತು. ತಿರುಮಲಮ್ಮ ಮೊದಲ ಒತ್ತು ಸಂಡಿಗೆ ಹಾಕಿದಳು. ಸಂಡಿಗೆಗೆ ಬೇಕಾದದ್ದು ಬೆಳಗಿನ ಬಿಸಿಲು, ಏಳರಿಂದ ಹತ್ತು. ರಾಜ್ಯದ ನಿಯಮದಲ್ಲಿ ಬೆಂಕಿಗೆ ಕೊಟ್ಟ ಹೊತ್ತೂ ಅದೇ. ಹೊಗೆ ಬಂದು ಹಸಿ ಸಂಡಿಗೆಯ ಮೇಲೆ ಕೂತಿತು. ಬೆಳ್ಳಗಿರಬೇಕಾದದ್ದು ಮಾಸಲು ಬಣ್ಣಕ್ಕೆ ತಿರುಗಿತು. ಅವಳು ಬುಟ್ಟಿ ಹೊತ್ತು ಬೀದಿಗೆ ಬಂದಾಗ ನಮ್ಮ ಹೆಂಗಸರು ಒಂದೊಂದು ಎತ್ತಿ ಮೂಗಿಗೆ ಹಿಡಿದು ಏನು ಮುಖ ಕಿವಿಚಿದರು ಅಂತೀರಿ! "ಇದೇನೇ ತಿರುಮಲಮ್ಮ, ಹೊಗೆ ನಾತ! ಯಾರು ತಿಂತಾರೆ ಇದನ್ನ?" ಅಂದವಳು ಪರಮಶಿವಯ್ಯನವರ ಹೆಂಡತಿ. "ಸ್ವಲ್ಪ ಶುಚಿಯಾಗಿ ಮಾಡಬಾರದಾ?" ಅಂದವಳು ಅವಳ ಪಕ್ಕದವಳು, ಹಿಂದಿನ ದಿನವಷ್ಟೇ ಹರಿದ ಚಾಪೆ ದಾನ ಮಾಡಿದವಳು. ಥೂ, ಇವರ ಮೂಗಿಗೆ ಎಷ್ಟು ಹೇಸಿಗೆ! ಎರಡನೇ ಒತ್ತೂ ಹೀಗೇ ಆಯಿತು. ಅವಳು ರಾತ್ರಿ ಒಣಗಿಸೋಣ ಅಂತ ನೋಡಿದಳು, ಬೂಷ್ಟು ಬಂತು.

ಒಂದು ಮಧ್ಯಾಹ್ನ ಕಚೇರಿಗೆ ಬಂದಳು. ಕಣ್ಣು ಕೆಂಡದ ಹಾಗೆ ಕೆಂಪಗಿತ್ತು, ಸೆರಗಿನಲ್ಲಿ ಮಾಸಲು ಸಂಡಿಗೆ ಕಟ್ಟಿಕೊಂಡಿದ್ದಳು. ಬಿಚ್ಚಿ ನನ್ನ ಪುಸ್ತಕದ ಪಕ್ಕದಲ್ಲಿಟ್ಟಳು.

"ಅಂಬುಜಮ್ಮಾರೇ, ಎರಡು ಒತ್ತು ಹೋಯ್ತು. ಅಕ್ಕಿ ಮೂರನೇ ಸಲ ತರೋಕೆ ನನ್ನ ಕೈಲಾಗಲ್ಲ. ಈ ಬಿಸಿಲು ಹೋದರೆ ಮನೆ ಬಾಗಿಲು ಹಾಕ್ಕೊಂಡು ನನ್ನ ತಂಗಿ ಊರಿಗೆ ಹೋಗಬೇಕು. ಅವಳ ಅತ್ತೆ ಮನೆ ಪಾತ್ರೆ ತಿಕ್ಕಿಕೊಂಡು ಮೂಲೇಲಿ ಬಿದ್ದಿರಬೇಕು. ಹುಟ್ಟಿದ ಊರು ಬಿಟ್ಟು ಹೋಗೋ ಅಷ್ಟು ತಪ್ಪು ನಾನೇನು ಮಾಡಿದೆ?"

"ತಪ್ಪಿನ ಮಾತಲ್ಲ ತಿರುಮಲಮ್ಮ. ನೀನು ಅಂಗೈ ಚಾಚಿದ್ದೀಯ. ಎಲ್ಲಾ ನಿಯಮದ ಪ್ರಕಾರವೇ ಇದೆ."

"ಚೀಟಿಗೆ ರುಜು ಹಾಕೋರು ಯಾರು?"

"ನಾನು. ಆದರೆ ನಾನು ಬರೀ ರುಜು ಹಾಕೋಳು" ಅಂದೆ.

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರ ಮಾಡಿಕೊಳ್ಳುತ್ತಿದ್ದೆ. "ಬೇಕಾದರೆ ಒಂದು ಅರ್ಜಿ ಕೊಡು" ಅಂತ ಬೇರೆ ಹೇಳಿದೆ. ಸಂಡಿಗೆ ಅಲ್ಲೇ ಬಿಟ್ಟು ಹೋದಳು. ಸಂಜೆ ಮನೆಗೆ ತಂದು ಕರಿದು ನೋಡಿದೆ. ಬಾಯಿಗೆ ಇಟ್ಟರೆ ಬರೀ ಸುಟ್ಟ ಚಾಪೆಯ ರುಚಿ, ನುಂಗಲಾಗಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಹೊಸ ಮುಖ್ಯಾಧಿಕಾರಿ ಬಂದರು. ಬೇರೆ ಊರಿನವರು, ಹೊಗೆ ಮೇಲಕ್ಕೆ ಹೋಗುವ ಕಡೆಯವರು. ಮೊದಲ ದಿನ ಬೀದಿಯಲ್ಲಿ ಕಾಲಿಗೆ ಹೊಗೆ ತಾಗಿದಾಗ ನಾಯಿ ಅಂದುಕೊಂಡು ಜಿಗಿದಿದ್ದರು. ಮೇಲಿನಿಂದ ತಪಾಸಣೆಯವರು ಬರುತ್ತಾರೆ, ರಾಜ್ಯದ ನಿಯಮ ಪೂರ್ತಿ ಬೋರ್ಡಿನ ಮೇಲೆ ಬರೆಸಿ ಕಚೇರಿ ಮುಂದೆ ನಿಲ್ಲಿಸಬೇಕು ಅಂತ ಅವರ ಹಠ. ಪೇಂಟರಿಗೆ ಓದಿ ಹೇಳುವ ಕೆಲಸ ನನಗೆ ಬಿತ್ತು. ನಾನು ನಿಯಮದ ಪುಸ್ತಕ ಹಿಡಿದು ಓದುತ್ತಿದ್ದೆ, ಅವನು ಕುಂಚ ಅದ್ದಿ ಅದ್ದಿ ಬರೆಯುತ್ತಿದ್ದ. ತಿರುಮಲಮ್ಮ ಅದೇ ದಾರಿಯಲ್ಲಿ ಬುಟ್ಟಿ ಹೊತ್ತು ಬಂದವಳು ನಿಂತಳು. ಅಕ್ಷರ ಕೂಡಿಸಿಕೊಂಡು ಓದುವಷ್ಟು ಅವಳಿಗೆ ಬರುತ್ತೆ. ಒಂದನೇ ಸಾಲನ್ನೇ ಎರಡು ಸಲ, ಮೂರು ಸಲ ಓದಿದಳು.

"ಅಂಬುಜಮ್ಮಾರೇ, ಇದೇನಿದು? 'ಸುಡತಕ್ಕ ವಸ್ತುವಿನ ಒಡೆಯರು ಮಾತ್ರ ಅರ್ಜಿ ಹಾಕತಕ್ಕದ್ದು.' ಒಡೆಯರು ಅಂದರೆ ಯಾರು?"

"ವಸ್ತು ಯಾರದ್ದೋ ಅವರು."

"ಹಂಗಾದ್ರೆ, ಅವರು ಕೊಟ್ಟಿದ್ದು ನನ್ನದು ತಾನೇ? ಅದಕ್ಕೇ ತಾನೇ ಹೊಗೆ ನನ್ನ ಮನೆಗೆ ಬರೋದು?"

"ಹೌದು."

"ನಾನು ಯಾವತ್ತು ಅರ್ಜಿ ಹಾಕಿದೆ?"

ಪೇಂಟರ್ ಕುಂಚ ಎತ್ತಿ ಹಿಡಿದುಕೊಂಡು ನನ್ನ ಮುಖ ನೋಡಿದ. ಬಣ್ಣ ಅವನ ಚಪ್ಪಲಿ ಮೇಲೆ ತೊಟ್ಟಿಕ್ಕುತ್ತಿತ್ತು. ಇಪ್ಪತ್ತೆರಡು ವರ್ಷ ಆ ಸಾಲಿನ ಮೇಲೆ ಕಣ್ಣಾಡಿಸಿದ್ದೇನೆ. ಕಸ ಇದ್ದವರೇ ಚೀಟಿಗೆ ಬರುತ್ತಿದ್ದ ಕಾಲದಲ್ಲಿ ಆ ಸಾಲಿಗೆ ಕೆಲಸವೇ ಇರಲಿಲ್ಲ, ಓದಿಯೂ ಓದದ ಹಾಗಿದ್ದೆ. ಊರಿನವರೆಲ್ಲರ ಬುದ್ಧಿ, ಪರಮಶಿವಯ್ಯನವರ ಒಕ್ಕಣೆ, ನನ್ನ ಸರ್ವೀಸು, ಎಲ್ಲಾ ಸೇರಿದರೂ ಕಾಣದ್ದು ಅಕ್ಷರ ಕೂಡಿಸಿ ಓದುವ ಸಂಡಿಗೆಯವಳಿಗೆ ಕಂಡಿತು.

"ಇಲ್ಲ ತಿರುಮಲಮ್ಮ, ನೀನು ಅರ್ಜಿ ಹಾಕಿಲ್ಲ" ಅಂದೆ.

"ಹಾಕೋದೂ ಇಲ್ಲ" ಅಂದು ಬುಟ್ಟಿ ಎತ್ತಿಕೊಂಡು ಹೊರಟಳು.

ಮುಖ್ಯಾಧಿಕಾರಿಗೆ ವಿಷಯ ಹೇಳಿದೆ. ತಪಾಸಣೆಯ ಭಯದಲ್ಲಿ ಅವರ ಮುಖ ಬಿಳುಚಿತು. ಮಾರನೇ ದಿನದಿಂದ ಒಡೆಯರ ಅರ್ಜಿ ಇಲ್ಲದೆ ಒಂದೇ ಒಂದು ಬೆಂಕಿ ಚೀಟಿಯೂ ಇಲ್ಲ ಅಂತ ಆಜ್ಞೆ ಆಯಿತು. ಬೆಳಗ್ಗೆ ಏಳಕ್ಕೆ ಬೀದಿಗಳು ಖಾಲಿ. ತಿರುಮಲಮ್ಮನ ಅಂಗಳದಲ್ಲಿ ಮೂರನೇ ಒತ್ತು ಸಂಡಿಗೆ ಮಲ್ಲಿಗೆ ಹೂವಿನಷ್ಟು ಬೆಳ್ಳಗೆ ಒಣಗಿತು. ಆ ಅಕ್ಕಿಯನ್ನ ಅವಳು ಎಲ್ಲಿಂದ, ಏನು ಅಡವಿಟ್ಟು ತಂದಳೋ ನಾನು ಕೇಳಲಿಲ್ಲ.

ಇತ್ತ ಊರಿನ ಹಿತ್ತಿಲುಗಳಲ್ಲಿ ದಾನದ ಕಸ ಬೆಳೆಯತೊಡಗಿತು. ಧಾರೆ ಎರೆದು ಸುಡದೆ ಉಳಿದದ್ದು, ಮುಟ್ಟುವ ಹಾಗಿಲ್ಲ. ಗೊಬ್ಬರ ಮಾಡೋಣ ಅಂದರೆ ಗುಂಡಿಯ ಮೇಲೆ ತುಳಸಿಕಟ್ಟೆ. ಹೊರಗೆ ಎಸೆಯೋಣ ಅಂದರೆ ಪರರ ಸ್ವತ್ತು. ಮಾವು, ಬೇವು, ಹೊಂಗೆ ಎಲ್ಲಾ ಎಲೆ ಉದುರಿಸುವ ಕಾಲ. ಹೊಸ ಎಲೆ ಹಳೇ ಗುಡ್ಡೆಯ ಮೇಲೆ ಬಿದ್ದು ಯಾವುದು ಯಾರದ್ದು ಅನ್ನೋದೇ ತಿಳಿಯದಾಯಿತು. ಇಲಿ ಬಂತು, ಇಲಿ ಹಿಂದೆ ಹಾವು ಬಂತು. ತಿರುಮಲಮ್ಮ ದಿನವೂ ಸಂಜೆ ಸಂಡಿಗೆ ಎತ್ತಿಟ್ಟ ಮೇಲೆ ಒಂದು ಕೋಲು ಹಿಡಿದು ಹೊರಡುತ್ತಿದ್ದಳು. ಯಾರ ಮನೆಯ ಗೇಟಾದರೂ ಸರಿ, ತಳ್ಳಿಕೊಂಡು ಸೀದಾ ಹಿತ್ತಿಲಿಗೆ. "ಯಾರದು?" ಅಂದರೆ "ನಾನೇ, ನನ್ನ ಸಾಮಾನು ನೋಡ್ಕೊಂಡು ಹೋಗೋಕೆ ಬಂದೆ" ಅನ್ನುತ್ತಿದ್ದಳು. ಗುಡ್ಡೆಯ ಪಕ್ಕ ಕಲ್ಲಿನ ಮೇಲೆ ಕೂತು, "ಈ ಚಾಪೆ ಮಳೆಗೆ ನೆನೀತದೆ ಕಣ್ರೀ, ಸ್ವಲ್ಪ ಒಳಗಿಡಿ" ಅನ್ನುವಳು. ಚಾಪೆ ದಾನ ಮಾಡಿದ್ದ ಆ ಶುಚಿಯ ಹೆಂಗಸು ಸುಡದೆ ಉಳಿದ ಇನ್ನೊಂದು ಹರಿದ ಚಾಪೆಯನ್ನ ಜಗಲಿಗೆ ತಂದಿಟ್ಟು ಮೂರು ಸಲ ಕೈ ತೊಳೆದುಕೊಂಡಳು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಸುಮ್ಮನೆ ಹೇಳಿದ್ದಾರಾ?

ಪರಮಶಿವಯ್ಯ ಇಷ್ಟಕ್ಕೆಲ್ಲ ಬಗ್ಗುವವರೇ? ಒಂದು ಬೆಳಗ್ಗೆ ಚೀಟಿಯಿಲ್ಲದೆ, ಬಕೆಟ್ ನೀರೂ ಇಡದೆ, ಗುಡ್ಡೆಗೆ ಕಡ್ಡಿ ಗೀರಿದರು. ಹೊಗೆಗೇನು ಗೊತ್ತು, ತನ್ನ ದಾರಿ ಹಿಡಿದು ತಿರುಮಲಮ್ಮನ ಮನೆಗೆ ಹೋಯಿತು. ಅವಳು ಅದನ್ನ ಒಳಗೆ ಕೂರಿಸಿ, ಬಾಲ ಹಿಡಿದುಕೊಂಡು ಹಿಂದಕ್ಕೆ ನಡೆದು ಬಂದಳು. ದಾರಿಯಲ್ಲಿ ನನ್ನನ್ನೂ, ಮುಖ್ಯಾಧಿಕಾರಿಯನ್ನೂ, ಹಾಲು ಹಾಕಿಸಿಕೊಳ್ಳಲು ನಿಂತವರನ್ನೂ ಕರೆದುಕೊಂಡು ಬಂದಳು. ಹಿತ್ತಿಲಲ್ಲಿ ಪರಮಶಿವಯ್ಯ ಲುಂಗಿ ಎತ್ತಿ ಕಟ್ಟಿ ಬೆಂಕಿ ಕೆದಕುತ್ತಿದ್ದರು.

"ನನ್ನ ಸಾಮಾನು ಸುಟ್ಟಿರಾ ಸ್ವಾಮಿ?" ಅಂದಳು. "ಯಾರನ್ನ ಕೇಳಿ ಸುಟ್ಟಿರಿ?"

ಅವರು 'ತತ್ಸಂಬಂಧವಾಗಿ' ಅಂತ ಬಾಯಿ ತೆರೆಯುವಷ್ಟರಲ್ಲೇ ಮುಖ್ಯಾಧಿಕಾರಿ ದಂಡದ ರಸೀದಿ ಹರಿದು ಕೈಗೆ ಕೊಟ್ಟರು. ನಲವತ್ತು ವರ್ಷ ಊರಿನ ಕಾಗದ ಪತ್ರ ಬರೆದ ಮನುಷ್ಯ ಪರರ ಕಸ ಕದ್ದವನು ಅಂತ ಆವತ್ತು ಬರೆಸಿಕೊಂಡರು.

ಯುಗಾದಿ ಹತ್ತಿರ ಬಂತು. ಮನೆ ಗುಡಿಸಿ ಸಾರಿಸಿ ತೋರಣ ಕಟ್ಟಬೇಕು, ಹಿತ್ತಿಲಲ್ಲಿ ಪರರ ಕಸ ಇಟ್ಟುಕೊಂಡು ಹಬ್ಬ ಮಾಡುವುದು ಹೇಗೆ? ಕೊಟ್ಟ ದಾನ ಕಿತ್ತುಕೊಂಡರೆ ಮುಂದಿನ ಜನ್ಮಕ್ಕೆ ಹುಳವಾಗಿ ಹುಟ್ಟುತ್ತಾರೆ ಅಂತ ನಮ್ಮಲ್ಲಿ ನಂಬಿಕೆ. ಈ ಜನ್ಮದಲ್ಲಿ ಹುಳ ಆಗಿರೋದಕ್ಕೆ ಯಾರಿಗೂ ಅಭ್ಯಂತರ ಇರಲಿಲ್ಲ, ಮುಂದಿನದ್ದಕ್ಕೆ ಮಾತ್ರ ಹೆದರಿಕೆ. ಹಾಗಾಗಿ ಉಳಿದದ್ದು ಒಂದೇ ದಾರಿ. ಅವಳೇ ಮನಸ್ಸು ಮಾಡಿ ತಿರುಗಿ ದಾನ ಕೊಡಬೇಕು. ಊರಿನ ದೊಡ್ಡವರೆಲ್ಲ ಸುಂಕದ ಕಟ್ಟೆಯ ಹತ್ತಿರ ಹೋಗಿ ನಿಂತರು. ತಿರುಮಲಮ್ಮ ಮಂಚದ ಮೇಲಿನ ಸಂಡಿಗೆ ತಿರುವಿ ಹಾಕುತ್ತಿದ್ದಳು, ಕೂತುಕೊಳ್ಳಿ ಅಂತ ಸಹ ಅನ್ನಲಿಲ್ಲ.

"ನಮ್ಮಿಂದ ತಪ್ಪಾಯ್ತು ಕಣಮ್ಮ. ದೊಡ್ಡ ಮನಸ್ಸು ಮಾಡು" ಅಂದರು ಪರಮಶಿವಯ್ಯ.

"ನಾಳೆ ಬೆಳಗ್ಗೆ ಬನ್ನಿ. ಎಲ್ಲರೂ ಬನ್ನಿ. ಒಬ್ಬರ ಪರವಾಗಿ ಇನ್ನೊಬ್ಬರು ಬರೋ ಹಾಗಿಲ್ಲ" ಅಂದಳು.

ಮಾರನೇ ಬೆಳಗ್ಗೆ ನೋಡಬೇಕಿತ್ತು ನೀವು. ಆ ಸಾಲು ಅವಳ ಬಾಗಿಲಿಂದ ಹೊರಟು ಬಸ್ ನಿಲ್ದಾಣದವರೆಗೂ ಇತ್ತು. ಕೊಡುವವರ ಕೈ ಮೇಲೆ, ತೆಗೆದುಕೊಳ್ಳುವವರ ಕೈ ಕೆಳಗೆ. ರೇಷ್ಮೆ ಸೀರೆಯವರು, ಜರಿ ಪಂಚೆಯವರು, ಸದಸ್ಯರು, ಸದಸ್ಯರ ಹೆಂಡಿರು, ಒಬ್ಬೊಬ್ಬರಾಗಿ ಬಗ್ಗಿ ಅವಳ ಮುಂದೆ ಅಂಗೈ ಚಾಚಿದರು. ತಿರುಮಲಮ್ಮನ ಪಕ್ಕದಲ್ಲಿ ಒಂದು ಗೋಣಿಚೀಲ ಇತ್ತು. ಅವರು ತಂದಿದ್ದ ಬಾಡಿದ ವೀಳ್ಯದೆಲೆಗಳನ್ನೆಲ್ಲ ಅವಳು ಒಂದೂ ಬಿಡದೆ ಇಟ್ಟಿದ್ದಳು, ಮುಟ್ಟಿದರೆ ಪುಡಿಯಾಗುವ ಹಾಗೆ ಒಣಗಿದ್ದವು. ಒಬ್ಬೊಬ್ಬರ ಅಂಗೈಗೆ ಒಂದೊಂದು ಇಟ್ಟು, ಎರಡು ತೊಟ್ಟು ನೀರು ಬಿಟ್ಟು, "ನಿಮ್ಮದು ನಿಮಗೆ" ಅಂದಳು. ಅಷ್ಟೇ. ಬೈಗುಳ ಇಲ್ಲ, ಬುದ್ಧಿವಾದ ಇಲ್ಲ. ಆ ಎರಡು ಮಾತನ್ನೇ ಮಧ್ಯಾಹ್ನದವರೆಗೂ ಹೇಳಿದಳು. ಪರಮಶಿವಯ್ಯನವರ ಸರದಿ ಬಂದಾಗ ಎಲೆ ಅವರ ಬೆರಳ ಸಂದಿಯಿಂದ ಕೆಳಗೆ ಬಿತ್ತು. ಅವರು ಮಂಡಿಯೂರಿ ಮಣ್ಣಿನಲ್ಲಿ ಅದರ ಚೂರುಗಳನ್ನ ಹೆಕ್ಕಿಕೊಂಡರು. ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತು ಅಂದರೆ ಹೇಳಲಾರೆ.

ಸಾಲಿನ ಕೊನೆಯಲ್ಲಿ ನಾನೂ ನಿಂತಿದ್ದೆ. ನನಗೂ ಒಂದು ಎಲೆ ಇಟ್ಟಳು. "ನಿಮ್ಮದು ನಿಮಗೆ ಅಂಬುಜಮ್ಮಾರೇ" ಅಂದಳು. ಉಳಿದವರಿಗೆ ಹೇಳಿದ ದನಿಯಲ್ಲೇ ಹೇಳಿದಳು, ಒಂದಿಷ್ಟೂ ಬೇರೆ ಇರಲಿಲ್ಲ.

ಯುಗಾದಿಯ ಹಿಂದಿನ ಮೂರು ದಿನ ಊರಿನ ಹೊಗೆ ಊರಿನವರ ಮನೆಗಳಿಗೇ ಹೋಯಿತು. ತಿಂಗಳಿಂದ ಗುಡ್ಡೆಯಾದ ಕಸ, ಸುಣ್ಣ ಬಣ್ಣದ ಗೋಡೆ, ಒಗೆದು ಮಡಚಿಟ್ಟ ಹಬ್ಬದ ಬಟ್ಟೆ. ಬೇವು ಬೆಲ್ಲ ತಿನ್ನುವಾಗ ಎಲ್ಲರ ಕಣ್ಣಲ್ಲೂ ನೀರಿತ್ತು. ಪರಮಶಿವಯ್ಯನವರ ಮನೆ ಅಟ್ಟದ ಹಾಗೆ ಕಪ್ಪಾಯಿತು. ಹಬ್ಬ ಮುಗಿದ ಮೇಲೆ ಗುದ್ದಲಿಗಳು ಮತ್ತೆ ಹೊರಗೆ ಬಂದವು. ತುಳಸಿಕಟ್ಟೆಗಳನ್ನ ಬಹಳ ಭಕ್ತಿಯಿಂದ ಪಕ್ಕಕ್ಕೆ ಸರಿಸಿ ಗುಂಡಿ ತೋಡಿದರು. ಈಗ ನಮ್ಮೂರಲ್ಲಿ ಯಾರಾದರೂ ಎಲೆ ಅಡಿಕೆ ಹಿಡಿದು ಬಂದರೆ ಜನ ಮೊದಲು ಅವರ ಹಿತ್ತಿಲಲ್ಲಿ ಏನಿದೆ ಅಂತ ವಿಚಾರಿಸುತ್ತಾರೆ. ತಿರುಮಲಮ್ಮನ ಸಂಡಿಗೆಗೆ ಮತ್ತೆ ಗಿರಾಕಿ ಬಂದರು. ಅವಳು ಎಲ್ಲರಿಗೂ ಕೊಡುತ್ತಾಳೆ, ಚೌಕಾಸಿ ಮಾಡಿದರೆ ಮಾತ್ರ ಬುಟ್ಟಿ ಮುಚ್ಚುತ್ತಾಳೆ.

ಇಲ್ಲಿಗೆ ಮುಗಿದಿದ್ದರೆ ಈ ಊರಿನವರನ್ನ ಬೈದುಕೊಂಡು ನಾನು ಸುಖವಾಗಿ ಪಿಂಚಣಿ ತನಕ ಇರುತ್ತಿದ್ದೆ. ಹೋದ ವಾರ ಮುಖ್ಯಾಧಿಕಾರಿ ದಾನದ ಉಪನಿಯಮ ರದ್ದಾಯಿತು ಅಂತ ಆಜ್ಞೆ ಹೊರಡಿಸಿದರು. ಅದರ ಚೀಟಿಗಳು ಮೂರು ಕಟ್ಟು, ನನ್ನ ಕಪಾಟಿನಲ್ಲಿದ್ದವು. "ಇವನ್ನೆಲ್ಲ ಸುಟ್ಟುಬಿಡಿ ಅಂಬುಜಾಕ್ಷಿಯವರೇ, ತಪಾಸಣೆಯವರ ಕಣ್ಣಿಗೆ ಬೀಳೋದು ಬೇಡ. ಕಚೇರಿಯ ಕಾಗದ, ಅರ್ಜಿ ನಾನೇ ಹಾಕುತ್ತೇನೆ" ಅಂದರು. ಅವರ ಅರ್ಜಿಗೆ ನಾನು ಚೀಟಿ ಬರೆದೆ. ಗಾಳಿ, ಪಡುವಣ. ಕಚೇರಿಯ ಹಿಂದೆ ಐವತ್ತು ಅಡಿ ಅಳೆದು, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇಟ್ಟುಕೊಂಡು ಎಂಟು ಗಂಟೆಗೆ ಕಡ್ಡಿ ಗೀರಿದೆ. ಹೊಗೆ ಕಚೇರಿಗೇ ಬರುತ್ತೆ ಅಂತ ಸಾಹೇಬರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ನಿಯಮದ ಪ್ರಕಾರ ಬಾಗಿಲು ತೆರೆದು ಕೂತಿದ್ದರು.

ಹೊಗೆ ಎದ್ದಿತು. ಕಚೇರಿಯ ಬಾಗಿಲ ಮುಂದೆ ಬಂದು, ನಿಲ್ಲದೆ ದಾಟಿಕೊಂಡು ಹೋಯಿತು. ಪರಮಶಿವಯ್ಯನವರ ಒಕ್ಕಣೆ ಅಲ್ಲವೇ, ಅವರ ಬೀದಿಗೆ ತಿರುಗುತ್ತೆ ಅಂತ ನನಗೆ ಖಾತ್ರಿಯಿತ್ತು. ತಿರುಗಲಿಲ್ಲ. ದಾನ ಕೊಟ್ಟವರ ಮನೆಗಳು ಒಂದೊಂದಾಗಿ ಬಂದವು, ಯಾವ ಹೊಸ್ತಿಲನ್ನೂ 'ಇದಾ' ಅಂತ ಕೇಳಲಿಲ್ಲ ಅದು. ಜನ ಜಗಲಿ ಮೇಲೆ ನಿಂತು ನೋಡುತ್ತಿದ್ದರು, ಪರಮಶಿವಯ್ಯ ಕೂಡ. ನಾನು ಪುಸ್ತಕ ಹಿಡಿದು ಹಿಂದೆ ನಡೆದೆ, ಅದು ನನ್ನ ಕೆಲಸ ತಾನೇ. ಹೊಗೆ ಹಾಲಿನ ಡೈರಿ ದಾಟಿ, ಎಡಕ್ಕೆ ತಿರುಗಿ, ಹಲಸಿನ ಮರ ಇರುವ ಮನೆಯ ಗೇಟಿನೊಳಗೆ ಹೋಗಿ, ಬೀಗ ಹಾಕಿದ ಬಾಗಿಲ ಮುಂದೆ ಜಗಲಿ ಮೇಲೆ ಕೂತು ಕಾಯಿತು.

ಸೊಂಟದಿಂದ ಬೀಗದಕೈ ತೆಗೆದೆ. ನಿಯಮದ ಪ್ರಕಾರ ಬಾಗಿಲು ತೆರೆದೆ. ಅದು ಒಳಗೆ ಹೋಗಿ ನಡುಮನೆಯಲ್ಲಿ ಕೂತಿತು. ನಾನು ಹೊಸ್ತಿಲ ಮೇಲೆ ಕೂತು ಪುಸ್ತಕ ಬಿಚ್ಚಿ, ಯಾರ ಮನೆ ಸೇರಿತು ಅನ್ನುವ ಜಾಗದಲ್ಲಿ ನನ್ನ ಹೆಸರು ಬರೆದೆ. ಕಣ್ಣುರಿಯುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು, ಆವತ್ತಿನ ಚೀಟಿಯ ಮೇಲೆ 'ನೋಡಿದೆ, ಸರಿ ಇದೆ' ಅಂತ ಬರೆದು ರುಜು ಹಾಕಿದೆ.